ಕರೆಂಟ್ ಬಂದಾಗ ಬೀಳುತ್ತಿದ್ದ ಸರ್ವರ್

ಚಿಕ್ಕಮಗಳೂರಿನ ಮಳೆಗಾಲ ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಎಲ್ಲೋ ಒಂದು ಮರ ಲೈನ್ ಮೇಲೆ ಬೀಳುತ್ತದೆ. ಕರೆಂಟ್ ಹೋಗುತ್ತದೆ, ಸ್ವಲ್ಪ ಹೊತ್ತಿಗೆ ಟವರ್ ಬ್ಯಾಟರಿ ಮುಗಿದು ನೆಟ್‌ವರ್ಕೂ ಹೋಗುತ್ತದೆ. ಆಮೇಲೆ ಎಲ್ಲ ಒಟ್ಟಿಗೆ ಬರುತ್ತವೆ. ನಮ್ಮ ಸರ್ವರ್ ಕ್ರ್ಯಾಶ್ ಆಗುತ್ತಿದ್ದದ್ದು ಹೀಗೆ ಕರೆಂಟ್ ವಾಪಸ್ ಬಂದ ಮೊದಲ ಒಂದೆರಡು ನಿಮಿಷದಲ್ಲಿ. ಪ್ರತಿ ಸಲವೂ ಅಲ್ಲ. ಐದು ಸಲಕ್ಕೆ ಒಂದು ಸಲ ಇರಬಹುದು. ಒಂದು ಇಡೀ ಮಳೆಗಾಲ ಅದರ ಹಿಂದೆ ಓಡಾಡಿದೆವು. ಕೊನೆಗೆ ಸಿಕ್ಕ ಕಾರಣ ಜಿಟ್ ಕಂಪೈಲರ್ (ಪ್ರೋಗ್ರಾಂ ಓಡುತ್ತಿರುವಾಗಲೇ ಯಂತ್ರದ ಕೋಡ್ ತಯಾರಿಸುವ ಸಲಕರಣೆ) ಜೊತೆ ಕೆಲಸ ಮಾಡುವ ಯಾರಿಗಾದರೂ ಉಪಯೋಗಕ್ಕೆ ಬರುತ್ತದೆ ಅನ್ನಿಸಿ ಬರೆಯುತ್ತಿದ್ದೇನೆ.

ನಮ್ಮ ಕೆಲಸ ಇಷ್ಟು. ಮೂಡಿಗೆರೆ, ಬಾಳೆಹೊನ್ನೂರು, ಕೊಪ್ಪ, ಕಳಸದ ಕಡೆ ಕಾಫಿ ತೋಟಗಳಲ್ಲಿ ಮಳೆ, ಬಿಸಿಲು, ಎಲೆಯ ಒದ್ದೆ ಅಳೆಯುವ ಪುಟ್ಟ ಪೆಟ್ಟಿಗೆಗಳಿವೆ. ಅವು ಕಳಿಸುವ ಅಂಕಿಗಳು ನಮ್ಮ ಆಫೀಸಿನ ಸರ್ವರ್‌ಗೆ ಬರುತ್ತವೆ. ತೋಟದವರು ತಮಗೆ ಬೇಕಾದ ಸೂತ್ರ ತಾವೇ ಬರೆದುಕೊಳ್ಳಬಹುದು. ಎಲೆ ಇಷ್ಟು ಗಂಟೆ ಒದ್ದೆಯಾಗೇ ಇದ್ದರೆ ಕೊಳೆ ರೋಗದ ಎಚ್ಚರಿಕೆ ಕೊಡು, ಮಾರ್ಚಿನಲ್ಲಿ ಒಂದು ಇಂಚು ಮಳೆ ಬಿದ್ದರೆ ಹೂಮಳೆ ಅಂತ ಗುರುತು ಹಾಕು, ಹೀಗೆ. ಒಂದು ಸೂತ್ರ ಇನ್ನೊಂದನ್ನು ಕರೆಯುತ್ತದೆ, ಅದು ಮತ್ತೊಂದನ್ನು ಕರೆಯುತ್ತದೆ. ಇವನ್ನೆಲ್ಲ ಸಾಲುಸಾಲಾಗಿ ಓದಿ ಲೆಕ್ಕ ಹಾಕಿದರೆ ನಿಧಾನ, ಅದಕ್ಕೇ ಎಲ್‌ಎಲ್‌ವಿಎಂ ಅನ್ನುವ, ಕಂಪೈಲರ್ ಕಟ್ಟುವ ಸಿದ್ಧ ಸಾಮಗ್ರಿ ಇಟ್ಟುಕೊಂಡು ಪ್ರೋಗ್ರಾಂ ಓಡುತ್ತಿರುವಾಗಲೇ ಅವನ್ನು ನೇರ ಯಂತ್ರದ ಕೋಡ್‌ಗೆ ಇಳಿಸುತ್ತೇವೆ. ಇದೇ ಜಸ್ಟ್-ಇನ್-ಟೈಮ್ ಕಂಪೈಲೇಷನ್, ಬಾಯಿಮಾತಲ್ಲಿ ಜಿಟ್.

ಇದನ್ನು ಎರಡು ರೀತಿ ಮಾಡಬಹುದು. ಹೋಟೆಲಿನಲ್ಲಿ ಇಡ್ಲಿ ಬೆಳಿಗ್ಗೆಯೇ ಬೆಂದಿರುತ್ತದೆ, ಕೂತ ತಕ್ಷಣ ತಟ್ಟೆಗೆ ಬರುತ್ತದೆ. ದೋಸೆಯನ್ನು ನೀವು ಹೇಳಿದ ಮೇಲೆ ಹುಯ್ಯುತ್ತಾರೆ. ಶುರುವಿನಲ್ಲೇ ಎಲ್ಲ ಫಂಕ್ಷನ್‌ಗಳನ್ನೂ ಕಂಪೈಲ್ ಮಾಡಿಟ್ಟರೆ ಅದು ಈಗರ್. ಯಾರಾದರೂ ಮೊದಲ ಸಲ ಕರೆದಾಗ ಕಂಪೈಲ್ ಮಾಡಿದರೆ ಅದು ಲೇಜಿ. ನಮ್ಮ ಹತ್ತಿರ 400ರ ಆಸುಪಾಸು ಸೂತ್ರಗಳಿದ್ದವು, ಒಂದು ದಿನದಲ್ಲಿ ನಿಜವಾಗಿ ಓಡುವುದು ಅದರಲ್ಲಿ ಅರ್ಧಕ್ಕಿಂತ ಕಡಿಮೆ. ಸುಮ್ನೆ ಎಲ್ಲವನ್ನೂ ಯಾಕೆ ಕಂಪೈಲ್ ಮಾಡಬೇಕು ಅಂತ ಲೇಜಿ ದಾರಿ ಹಿಡಿದೆವು. ಆ ಪದರವನ್ನು ನಾವೇ ಬರೆದೆವು.

ಲೇಜಿ ಒಳಗೆ ಹೇಗೆ ನಡೆಯುತ್ತದೆ ಅನ್ನುವುದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಯಾಕೆಂದರೆ ತಪ್ಪು ಇದ್ದದ್ದು ಅಲ್ಲೇ. ಸೂತ್ರ ಒಂದು ಸೂತ್ರ ಎರಡನ್ನು ಕರೆಯುತ್ತದೆ ಅಂದುಕೊಳ್ಳಿ. ಎರಡನೆಯದು ಇನ್ನೂ ಕಂಪೈಲ್ ಆಗಿಲ್ಲ, ಅದಕ್ಕೆ ವಿಳಾಸವೇ ಇಲ್ಲ. ಹಾಗಾಗಿ ಕರೆಯುವ ಜಾಗದಲ್ಲಿ ಒಂದು ಪುಟ್ಟ ತುಂಡು ಕೋಡಿನ ವಿಳಾಸ ಇಡುತ್ತೇವೆ. ಅದಕ್ಕೆ ಸ್ಟಬ್ ಅನ್ನುತ್ತಾರೆ. ಮೊದಲ ಸಲ ಕರೆದಾಗ ಸ್ಟಬ್‌ಗೆ ಹೋಗುತ್ತದೆ, ಸ್ಟಬ್ ಕಂಪೈಲರನ್ನು ಎಬ್ಬಿಸುತ್ತದೆ, ಕಂಪೈಲರ್ ಕೋಡ್ ತಯಾರು ಮಾಡಿ ಕೊನೆಗೆ ಹಿಂದಕ್ಕೆ ಬಂದು, ಕರೆದ ಜಾಗದಲ್ಲಿದ್ದ ಸ್ಟಬ್ ವಿಳಾಸ ಅಳಿಸಿ ನಿಜವಾದ ವಿಳಾಸ ಬರೆಯುತ್ತದೆ. ಮುಂದಿನ ಸಲದಿಂದ ನೇರ ಕರೆ. ನೋಡಲು ತುಂಬ ಚೆನ್ನಾಗಿದೆ, ಅಲ್ವಾ? ಒಂದೇ ಥ್ರೆಡ್, ಅಂದರೆ ಪ್ರೋಗ್ರಾಂ ಒಳಗೆ ಓಡುವ ಕೆಲಸದ ಒಂದೇ ಎಳೆ, ಇದ್ದರೆ ನಿಜವಾಗಿಯೂ ಚೆನ್ನಾಗಿದೆ.

ನಮ್ಮ ಸರ್ವರ್‌ನಲ್ಲಿ 16 ಥ್ರೆಡ್‌ಗಳು. ಅದು ನಮಗೆ ಗೊತ್ತಿಲ್ಲದ್ದೇನಲ್ಲ, ಕಂಪೈಲ್ ಮಾಡುವ ಭಾಗಕ್ಕೆ ಲಾಕ್ ಹಾಕಿದ್ದೆವು, ಅಂದರೆ ಅದನ್ನು ಹಿಡಿದ ಒಂದೇ ಥ್ರೆಡ್ ಒಳಗೆ ಹೋಗಬಹುದು, ಉಳಿದವು ಕಾಯಬೇಕು. ಎಲ್‌ಎಲ್‌ವಿಎಂನಲ್ಲಿ ಒಂದು ಕಾಂಟೆಕ್ಸ್ಟ್ (ಕಂಪೈಲರ್ ತನ್ನ ಮಾಹಿತಿ ಇಟ್ಟುಕೊಳ್ಳುವ ಜಾಗ) ಒಳಗೆ ಒಂದು ಸಲಕ್ಕೆ ಒಂದೇ ಥ್ರೆಡ್ ಕೈ ಹಾಕಬೇಕು, ಅದನ್ನೂ ಪಾಲಿಸಿದ್ದೆವು. ಇಬ್ಬರು ಒಟ್ಟಿಗೆ ಒಂದೇ ಸೂತ್ರ ಕೇಳಿದರೆ ಒಬ್ಬ ಕಂಪೈಲ್ ಮಾಡುತ್ತಾನೆ, ಇನ್ನೊಬ್ಬ ಕಾಯುತ್ತಾನೆ. ವಿಳಾಸ ಬದಲಿಸುವ ಸಾಲೂ ಅದೇ ಲಾಕ್ ಒಳಗೇ ಇತ್ತು. ಇನ್ನೇನು ಬೇಕು ಅಂದುಕೊಂಡಿದ್ದೆವು.

ಮೊದಲ ಸುಳಿವು ಕೊಟ್ಟಿದ್ದು ನಮ್ಮ ಜೊತೆ ಕೆಲಸ ಮಾಡುವ ಮೂಡಿಗೆರೆಯ ಹುಡುಗ. "ಅಕ್ಕ, ಭಾನುವಾರ ರಾತ್ರಿ ನಾವೇ ರೀಸ್ಟಾರ್ಟ್ ಮಾಡಿದಾಗ ಒಂದು ಸಲಾನೂ ಬಿದ್ದಿಲ್ಲ ನೋಡಿ. ಬೀಳೋದೆಲ್ಲ ಕರೆಂಟ್ ಹೋಗಿ ಬಂದಾಗ್ಲೇ" ಅಂದ. ಹೌದಲ್ಲ! ನಾವು ಯುಪಿಎಸ್ ಮೇಲೆ, ವಿದ್ಯುತ್ ಏರುಪೇರಿನ ಮೇಲೆ ಸಂಶಯಪಟ್ಟು ಎರಡು ವಾರ ಕಳೆದಿದ್ದೆವು. ಸರ್ವರ್ ಒಳಗಿನ ಮೆಮೊರಿಯನ್ನೂ ಬದಲಿಸಿದ್ದೆವು. ನಿಜವಾದ ವ್ಯತ್ಯಾಸ ಬೇರೆ ಇತ್ತು. ಭಾನುವಾರ ರಾತ್ರಿ ಪೆಟ್ಟಿಗೆಗಳು ತಮ್ಮ ತಮ್ಮ ಹೊತ್ತಿಗೆ ಒಂದೊಂದಾಗಿ ಅಂಕಿ ಕಳಿಸುತ್ತವೆ, ಸೂತ್ರಗಳು ಒಂದೊಂದಾಗಿ ಕಂಪೈಲ್ ಆಗುತ್ತವೆ. ಕರೆಂಟ್ ಬಂದಾಗ ಹಾಗಲ್ಲ. ಸರ್ವರ್ ಆಗ ತಾನೇ ಎದ್ದಿರುತ್ತದೆ, ಒಂದು ಸೂತ್ರವೂ ಕಂಪೈಲ್ ಆಗಿರುವುದಿಲ್ಲ, ಅದೇ ಹೊತ್ತಿಗೆ ಮಲೆನಾಡಿನ ಅಷ್ಟೂ ಪೆಟ್ಟಿಗೆಗಳು ಗಂಟೆಗಟ್ಟಲೆ ಕೂಡಿಟ್ಟುಕೊಂಡ ಅಂಕಿಗಳನ್ನು ಒಂದೇ ಉಸಿರಿಗೆ ತಂದು ಸುರಿಯುತ್ತವೆ. 16 ಥ್ರೆಡ್‌ಗಳೂ ಎದ್ದು ಒಂದೇ ಜಾಗಕ್ಕೆ ನುಗ್ಗುತ್ತವೆ.

ಆ ಜಾಗ ಯಾವುದು ಅಂತಲೂ ಗೊತ್ತಾಯಿತು. ಪೆಟ್ಟಿಗೆಗಳು ಮಳೆಯನ್ನು ಮಿಲಿಮೀಟರ್‌ನಲ್ಲಿ ಕಳಿಸುತ್ತವೆ, ನಮ್ಮ ತೋಟದವರು ಮಾತಾಡುವುದು ಇಂಚು ಮತ್ತು ಸೆಂಟ್‌ನಲ್ಲಿ (ಸೆಂಟ್ ಅಂದರೆ ಇಂಚಿನ ನೂರನೇ ಒಂದು ಭಾಗ). "ನಿನ್ನೆ ಎರಡು ಇಂಚು ಮೂವತ್ತು ಸೆಂಟ್" ಅಂದರೇ ಅವರಿಗೆ ಮಳೆ ಕಣ್ಣಿಗೆ ಕಾಣುವುದು. ಹಾಗಾಗಿ ಎಲ್ಲ ಸೂತ್ರಗಳೂ ಒಂದು ಪುಟ್ಟ ಫಂಕ್ಷನ್ ಕರೆಯುತ್ತವೆ, ಅದರ ಕೆಲಸ 25.4ರಿಂದ ಭಾಗಿಸುವುದು, ಅಷ್ಟೇ. ಪ್ರತಿ ಕ್ರ್ಯಾಶ್ ಕೂಡ ಅದನ್ನು ಕರೆಯುವ ಸಾಲಿನಲ್ಲೇ. ಅದೂ ಎಲ್ಲ ಕಡೆ ಅಲ್ಲ, ಕೊಳೆ ರೋಗದ ಸೂತ್ರದಿಂದ ಕರೆಯುವ ಒಂದೇ ಒಂದು ಸಾಲಿನಲ್ಲಿ.

ಕೋರ್ ಡಂಪ್, ಅಂದರೆ ಪ್ರೋಗ್ರಾಂ ಬಿದ್ದಾಗಿನ ಮೆಮೊರಿಯ ನಕಲು, ತೆಗೆದು ನೋಡಿದೆವು. ಇಂಟೆಲ್ ಯಂತ್ರದಲ್ಲಿ ನೇರ ಕರೆಯ ಆದೇಶ 5 ಬೈಟ್. ಮೊದಲ ಬೈಟ್ 'ಕರೆ' ಅನ್ನುವ ಗುರುತು, ಉಳಿದ 4 ಬೈಟ್ ಅಲ್ಲಿಂದ ಎಷ್ಟು ದೂರ ಹಾರಬೇಕು ಅನ್ನುವ ಅಂಕಿ. ಡಂಪ್‌ನಲ್ಲಿ ಆ 5 ಬೈಟ್ ನೋಡಿದರೆ ಎಲ್ಲವೂ ಸರಿಯಾಗಿತ್ತು! ದೂರ, ಹದಿನಾರರ ಲೆಕ್ಕದಲ್ಲಿ, 00 02 37 80. ಅಲ್ಲಿಗೆ ಹೋದರೆ 25.4ರಿಂದ ಭಾಗಿಸುವ ಕೋಡ್ ಚೆನ್ನಾಗಿ ಕೂತಿತ್ತು. ಆದರೆ ಥ್ರೆಡ್ ಸತ್ತು ಬಿದ್ದದ್ದು ಬೇರೆ ಎಲ್ಲೋ. ಅದು ಸತ್ತ ವಿಳಾಸದಿಂದ, ಸ್ಟ್ಯಾಕ್ ಮೇಲಿದ್ದ ವಾಪಸ್ ಹೋಗಬೇಕಾದ ವಿಳಾಸವನ್ನು ಕಳೆದರೆ ಥ್ರೆಡ್ ನಿಜವಾಗಿ ಹಾರಿದ ದೂರ ಸಿಗುತ್ತದೆ. ಕಾಗದದ ಮೇಲೆ ಕಳೆದೆ. 00 00 37 80. ಮತ್ತೆ ಕಳೆದೆ, ಅದೇ. ಮಧ್ಯದ 2 ಮಾತ್ರ ಇಲ್ಲ.

ಹಳೆಯ ಸ್ಟಬ್‌ಗೆ ಇದ್ದ ದೂರ 00 00 19 40. ಈಗ ಮೂರನ್ನೂ ಒಂದರ ಕೆಳಗೆ ಒಂದು ಬರೆದು ನೋಡಿ. ಹಾರಿದ ದೂರದಲ್ಲಿ ಬಲಗಡೆಯ ಅರ್ಧ ಹೊಸದು, ಎಡಗಡೆಯ ಅರ್ಧ ಹಳೆಯದು. ಒಬ್ಬ ಬರೆಯುತ್ತಿರುವಾಗ ಇನ್ನೊಬ್ಬ ಓದಿದ್ದಾನೆ. ಬರೆಯುವವನು ಕೆಲಸ ಮುಗಿಸಿದ್ದರಿಂದ ಡಂಪ್‌ನಲ್ಲಿ ಎಲ್ಲ ಸರಿಯಾಗಿ ಕಾಣುತ್ತಿತ್ತು.

ಕಾಗದ ನೋಡಿ ಹುಡುಗ ಅಂದ, "ಅಕ್ಕ, ಬದಲಿ ಬಸ್ಸಿಗೆ ಸೀಮೆಸುಣ್ಣದಲ್ಲಿ ಬೋರ್ಡ್ ಬರೀತಾರಲ್ಲ, ಹಂಗೇ ಆಗಿದೆ ಇದು."

"ಹೆಂಗೋ?"

"ಮೂಡಿಗೆರೆ ಅಂತ ಇತ್ತು ಅಂದ್ಕೊಳ್ಳಿ. ಅದನ್ನ ಒರೆಸ್ಕೊಂಡು ಒರೆಸ್ಕೊಂಡು ಬಾಳೆಹೊನ್ನೂರು ಅಂತ ಬರೀತಾ ಹೋಗ್ತಾರೆ. 'ಬಾಳೆ' ಬರೆದಾಯ್ತು, ಮುಂದಿನ 'ಗೆರೆ' ಇನ್ನೂ ಒರೆಸಿಲ್ಲ. ಆ ಹೊತ್ತಿಗೆ ನೀವು ಸ್ಟ್ಯಾಂಡಿಗೆ ಬಂದು ನೋಡಿದ್ರೆ ಏನಂತ ಓದ್ತೀರಿ?"

ಬಾಳೆಗೆರೆ. ಕೇಳಲು ಊರಿನ ಹೆಸರೇ ಅನ್ನಿಸುತ್ತದೆ, ಸಂಶಯವೇ ಬರುವುದಿಲ್ಲ. ಆದರೆ ಆ ಬಸ್ಸು ಹೋಗುತ್ತಿರುವುದು ಅಲ್ಲಿಗಲ್ಲ. ನಮ್ಮ ಥ್ರೆಡ್ ಟಿಕೆಟ್ ತೆಗೆದುಕೊಂಡದ್ದು ಆ ಬಾಳೆಗೆರೆಗೆ.

ಹಾಗಾದರೆ ಲಾಕ್ ಏನು ಮಾಡುತ್ತಿತ್ತು? ಇದೇ ನನಗೆ ಅರ್ಥವಾಗಲು ಜಾಸ್ತಿ ಹೊತ್ತು ಹಿಡಿದ ವಿಷಯ. ಬರೆಯುವವನು ಲಾಕ್ ಹಿಡಿದಿದ್ದ, ನಿಜ. ಓದುವವನು ಹಿಡಿಯುವುದಿಲ್ಲ. ಇಲ್ಲಿ ಓದುತ್ತಿರುವುದು ನಮ್ಮ ಪ್ರೋಗ್ರಾಂನ ಯಾವುದೋ ಸಾಲಲ್ಲ, ಪ್ರೊಸೆಸರ್ ತನ್ನ ಮುಂದಿನ ಆದೇಶವನ್ನು ಮೆಮೊರಿಯಿಂದ ಎತ್ತಿಕೊಳ್ಳುತ್ತಿದೆ. ಅದಕ್ಕೆ ನಮ್ಮ ಲಾಕ್ ಅಂದರೆ ಏನು ಅಂತಲೇ ಗೊತ್ತಿಲ್ಲ. ಪ್ರತಿ ಕರೆಗೂ ಮೊದಲು ಲಾಕ್ ಹಿಡಿಯುವ ಹಾಗೆ ಮಾಡಬಹುದು, ಆದರೆ ಹಾಗೆ ಮಾಡಿದರೆ ಜಿಟ್ ಇಟ್ಟುಕೊಂಡ ಉದ್ದೇಶವೇ ಹಾಳು.

ಒಂದೇ ಸಾಲಿನಲ್ಲಿ ಯಾಕೆ ಬೀಳುತ್ತಿತ್ತು ಅನ್ನುವುದಕ್ಕೂ ಉತ್ತರ ಸಿಕ್ಕಿತು. ಇಂಟೆಲ್, ಎಎಂಡಿ ಪ್ರೊಸೆಸರ್‌ಗಳು ಮೆಮೊರಿಯನ್ನು 64 ಬೈಟಿನ ತುಂಡುಗಳಾಗಿ ಕ್ಯಾಶ್‌ಗೆ, ಅಂದರೆ ತಮ್ಮೊಳಗಿನ ಪುಟ್ಟ ವೇಗದ ಮೆಮೊರಿಗೆ, ತರುತ್ತವೆ. ಕೊಳೆ ರೋಗದ ಸೂತ್ರದಲ್ಲಿ ಆ ಕರೆ ಸರಿಯಾಗಿ ಒಂದು ತುಂಡಿನ ಕೊನೆಗೆ 3 ಬೈಟ್ ಇರುವಾಗ ಶುರುವಾಗುತ್ತಿತ್ತು. ಗುರುತಿನ 1 ಬೈಟ್ ಮತ್ತು ದೂರದ 2 ಬೈಟ್ ಒಂದು ತುಂಡಿನಲ್ಲಿ, ಇನ್ನೆರಡು ಬೈಟ್ ಮುಂದಿನ ತುಂಡಿನಲ್ಲಿ. ಗಡಿ ದಾಟುವ ಸಾಧಾರಣ ಬರಹ ಒಂದೇ ಏಟಿಗೆ ಆಗುತ್ತದೆ ಅನ್ನುವ ಖಾತ್ರಿಯನ್ನು ಈ ಪ್ರೊಸೆಸರ್‌ಗಳು ಕೊಡುವುದಿಲ್ಲ. ಬೇರೆ ಕರೆಗಳು ಗಡಿಯ ಒಳಗೇ ಇದ್ದದ್ದರಿಂದ ಬಚಾವಾಗಿದ್ದವು. ಹಾಗಂತ ಅವೂ ಕ್ಷೇಮ ಅನ್ನುವ ಹಾಗಿಲ್ಲ. ಪ್ರೊಸೆಸರ್‌ನ ಒಂದು ಕೋರ್ ಓಡಿಸುತ್ತಿರುವ ಕೋಡನ್ನು ಇನ್ನೊಂದು ಕೋರ್ ತಿದ್ದುವುದಕ್ಕೆ ಇಂಟೆಲ್ ಕೈಪಿಡಿಯಲ್ಲೇ ಬೇರೆ ನಿಯಮಗಳಿವೆ, ನಾವು ಒಂದನ್ನೂ ಪಾಲಿಸಿರಲಿಲ್ಲ. ಜಾವಾ ಪ್ರೋಗ್ರಾಂಗಳನ್ನು ಓಡಿಸುವ ಹಾಟ್‌ಸ್ಪಾಟ್ ಕೂಡ ಕರೆಯ ಜಾಗಗಳನ್ನು ತಿದ್ದುತ್ತದೆ, ಆದರೆ ಆ 4 ಬೈಟ್ ಗಡಿ ದಾಟದ ಹಾಗೆ ಮೊದಲೇ ಜೋಡಿಸಿಕೊಂಡು ತಿದ್ದುತ್ತದೆ. ಅವರು ಈ ಹೊಂಡವನ್ನು ನಮಗಿಂತ ಎಷ್ಟೋ ವರ್ಷ ಮೊದಲೇ ನೋಡಿದ್ದಾರೆ.

ಎಲ್‌ಎಲ್‌ವಿಎಂನವರೂ ನೋಡಿದ್ದರು. ಅದರ ಹಳೆಯ ಜಿಟ್‌ಗೆ ಇದೇ ಕಾಯಿಲೆ ಇತ್ತು, ಕೈಪಿಡಿಯಲ್ಲಿ ನೇರವಾಗಿ ಬರೆದಿದ್ದರು: ಲೇಜಿಯಾಗಿ ಕಂಪೈಲ್ ಆದ ಮೇಲೆ ಕರೆಯ ಜಾಗ ತಿದ್ದುವಾಗ ರೇಸ್ (ಒಂದು ಥ್ರೆಡ್ ಬರೆಯುತ್ತಿರುವಾಗಲೇ ಇನ್ನೊಂದು ಓದಿಬಿಡುವ ತಪ್ಪು) ಇದೆ, ಒಂದು ಸ್ಟಬ್ಬನ್ನು ಒಂದು ಸಲಕ್ಕೆ ಒಂದೇ ಥ್ರೆಡ್ ಕರೆಯುವ ಹಾಗೆ ನೋಡಿಕೊಂಡರೆ ನಡೆಯುತ್ತದೆ, ಆದರೆ ಹಲವು ಥ್ರೆಡ್ ಇರುವ ಪ್ರೋಗ್ರಾಂನಲ್ಲಿ ಈಗರ್ ಮಾತ್ರ ಬಳಸಿ ಅನ್ನುವುದು ನಮ್ಮ ಸಲಹೆ ಅಂತ. ಆ ಜಿಟ್ಟನ್ನು 3.6ನೇ ಆವೃತ್ತಿಯಲ್ಲಿ ತೆಗೆದೇ ಹಾಕಿದರು. 2015ರಲ್ಲಿ ಓಆರ್‌ಸಿ ಅನ್ನುವ ಹೊಸದು ಬಂತು. ಹಳೆಯದು ಹೋಗಿದೆ, ಅದರ ಎಚ್ಚರಿಕೆ ಈಗ ಯಾಕೆ ಓದಬೇಕು ಅಂತ ನಾನು ಆ ಪುಟ ದಾಟಿಕೊಂಡು ಹೋಗಿದ್ದೆ. ಸ್ವಂತಕ್ಕೆ ಲೇಜಿ ಪದರ ಬರೆಯುವವರು ಮೊದಲು ಓದಬೇಕಾದ್ದೇ ಅದು.

ಹುಡುಕುತ್ತಾ ಹೋದಾಗ ಇನ್ನೊಂದು ಅಪಾಯವೂ ಕಣ್ಣಿಗೆ ಬಿತ್ತು. ಇದು ಕ್ರ್ಯಾಶ್ ಮಾಡುವುದಿಲ್ಲ, ಸುಮ್ಮನೆ ನಿಂತುಬಿಡುತ್ತದೆ. ಲೇಜಿಯಲ್ಲಿ ಕಂಪೈಲ್ ಯಾವಾಗ ಶುರುವಾಗುತ್ತದೆ ಅನ್ನುವುದು ನಿಮ್ಮ ಕೈಯಲ್ಲಿ ಇರುವುದಿಲ್ಲ, ಯಾರೋ ಎಲ್ಲೋ ಮೊದಲ ಸಲ ಕರೆದಾಗ ಶುರುವಾಗುತ್ತದೆ. ಆ ಹೊತ್ತಿನಲ್ಲಿ ಕರೆದವನ ಕೈಯಲ್ಲಿ ಬೇರೆ ಯಾವ ಲಾಕ್ ಇದೆಯೋ ಯಾರಿಗೆ ಗೊತ್ತು? ನಮ್ಮಲ್ಲಿ ಒಂದು ಥ್ರೆಡ್ ತೋಟಗಳ ಪಟ್ಟಿಯ ಲಾಕ್ ಹಿಡಿದುಕೊಂಡು ಸೂತ್ರ ಕರೆಯುತ್ತಿತ್ತು, ಅದಕ್ಕೆ ಈಗ ಕಂಪೈಲರ್ ಲಾಕ್ ಬೇಕು. ಇನ್ನೊಂದು ಥ್ರೆಡ್ ಕಂಪೈಲರ್ ಲಾಕ್ ಒಳಗಿದ್ದು ಹೆಸರುಗಳನ್ನು ಹುಡುಕಲು ತೋಟಗಳ ಪಟ್ಟಿಯ ಲಾಕ್ ಕೇಳುತ್ತಿತ್ತು. ನೀನು ಬಿಡು ನಾನು ಬಿಡುತ್ತೇನೆ ಅಂತ ಇಬ್ಬರೂ ಕಾಯುತ್ತಾ ಕೂರುತ್ತಾರೆ. ನಮ್ಮಲ್ಲಿ ಇದು ಒಂದು ಸಲವೂ ಆಗಿರಲಿಲ್ಲ. ಆಗುವ ದಾರಿ ಮಾತ್ರ ಬಾಗಿಲು ತೆಗೆದುಕೊಂಡೇ ಇತ್ತು. ಸಾಧಾರಣ ಫಂಕ್ಷನ್ ಕರೆ ಅಂತ ಕಾಣುವುದರ ಒಳಗೆ ಒಂದು ಲಾಕ್ ಅಡಗಿ ಕೂತಿರುವುದು ನನಗೆ ಅರ್ಧ ಹಳೆಯ ಅರ್ಧ ಹೊಸ ವಿಳಾಸ ಓದುವುದಕ್ಕಿಂತ ದೊಡ್ಡ ತೊಂದರೆ ಅನ್ನಿಸುತ್ತದೆ. ಕೋಡ್ ಓದುವವರಿಗೆ ಅದು ಕಾಣುವುದೇ ಇಲ್ಲ.

ಈಗರ್‌ಗೆ ಬದಲಾಯಿಸಿದೆವು. ಶುರುವಿನಲ್ಲಿ ಒಂದೇ ಥ್ರೆಡ್, ಎಲ್ಲ ಸೂತ್ರಗಳನ್ನೂ ಕಂಪೈಲ್ ಮಾಡು, ಮುಗಿದ ಮೇಲೆ ಉಳಿದ ಥ್ರೆಡ್‌ಗಳನ್ನು ಎಬ್ಬಿಸು. ಆಮೇಲೆ ಕೋಡನ್ನು ಯಾರೂ ಮುಟ್ಟುವುದಿಲ್ಲ. ಮುಟ್ಟದಿರುವುದಕ್ಕೆ ಲಾಕ್ ಬೇಕಿಲ್ಲ. ಶುರುವಾಗಲು ಈಗ 11 ಸೆಕೆಂಡ್ ಹಿಡಿಯುತ್ತದೆ, ಮೊದಲು ಒಂದು ಸೆಕೆಂಡೂ ಇರಲಿಲ್ಲ. ಗಂಟೆಗಟ್ಟಲೆ ಕರೆಂಟ್ ಇಲ್ಲದೆ ಕೂತ ಊರಿಗೆ 11 ಸೆಕೆಂಡ್ ದೊಡ್ಡದಲ್ಲ. ಪೆಟ್ಟಿಗೆಗಳು ಕಾಯುತ್ತವೆ.

ನಾನು ಎಣಿಸದ ಲಾಭವೂ ಸಿಕ್ಕಿತು. ಲೇಜಿಯಲ್ಲಿ ಒಂದೊಂದು ಸೂತ್ರವನ್ನೂ ಬೇರೆ ಬೇರೆ ಮಾಡ್ಯೂಲ್ ಮಾಡಿ ಒಂದೊಂದಾಗಿ ಕಂಪೈಲ್ ಮಾಡುತ್ತಿದ್ದೆವು, ಹಾಗಾಗಿ ಕಂಪೈಲರ್‌ಗೆ ಪಕ್ಕದ ಸೂತ್ರದ ಒಳಗೆ ಏನಿದೆ ಅಂತ ಕಾಣುತ್ತಿರಲಿಲ್ಲ. ಈಗ ಎಲ್ಲವೂ ಒಟ್ಟಿಗೆ ಅದರ ಕಣ್ಣೆದುರು ಇವೆ. ಇಂಚಿಗೆ ತಿರುಗಿಸುವ ಆ ಪುಟ್ಟ ಫಂಕ್ಷನ್ನನ್ನು ಕರೆಯುವ ಬದಲು ಆ ಭಾಗಾಕಾರವನ್ನೇ ಎಲ್ಲ ಕಡೆ ಒಳಕ್ಕೆ ತಂದು ಕೂರಿಸಿತು. ಡಿಸ್‌ಅಸೆಂಬ್ಲಿ (ಯಂತ್ರದ ಕೋಡನ್ನು ಓದುವ ಹಾಗೆ ಬಿಡಿಸಿದ್ದು) ತೆಗೆದು ಕೊಳೆ ರೋಗದ ಸೂತ್ರದಲ್ಲಿ ಆ ಸಾಲು ಹುಡುಕಿದೆ. ಒಂದು ಮಳೆಗಾಲ ನಮ್ಮ ನಿದ್ದೆ ಕೆಡಿಸಿದ ಆ ಕರೆಯೇ ಅಲ್ಲಿರಲಿಲ್ಲ.

ಹಾಗಂತ ಎಲ್ಲರಿಗೂ ಈಗರ್ ಸರಿ ಅನ್ನುವುದಿಲ್ಲ. ಆಂಡ್ರಾಯ್ಡ್ 5.0 ಬಂದಾಗ, 2014ರಲ್ಲಿ, ಆ್ಯಪ್‌ಗಳನ್ನು ಹಾಕಿಕೊಳ್ಳುವಾಗಲೇ ಪೂರ್ತಿ ಕಂಪೈಲ್ ಮಾಡುತ್ತಿತ್ತು. ಸಿಸ್ಟಂ ಅಪ್‌ಡೇಟ್ ಆದ ಮೇಲೆ ಆ್ಯಪ್‌ಗಳನ್ನು ಒಂದೊಂದಾಗಿ ಸಿದ್ಧ ಮಾಡುತ್ತಿದ್ದೇನೆ ಅಂತ ತೋರಿಸುತ್ತಾ ಫೋನ್ ಎಷ್ಟು ಹೊತ್ತು ಕೂರುತ್ತಿತ್ತು ಅನ್ನುವುದು ಹಲವರಿಗೆ ನೆನಪಿರಬಹುದು. 2016ರ 7.0ರಲ್ಲಿ ಜಿಟ್ ವಾಪಸ್ ತಂದರು. ಜಾಸ್ತಿ ಓಡುವ ಭಾಗ ಯಾವುದು ಅಂತ ಗುರುತಿಟ್ಟುಕೊಂಡು, ಫೋನ್ ಚಾರ್ಜಿಗೆ ಹಾಕಿ ಸುಮ್ಮನೆ ಇಟ್ಟಾಗ ಅಷ್ಟನ್ನು ಮಾತ್ರ ಕಂಪೈಲ್ ಮಾಡುತ್ತದೆ. ಹಾಟ್‌ಸ್ಪಾಟ್‌ನದು ಇನ್ನೂ ಜಾಣ ದಾರಿ. ಮೊದಲು ಇಂಟರ್‌ಪ್ರಿಟರ್‌ನಲ್ಲೇ (ಕಂಪೈಲ್ ಮಾಡದೆ ಒಂದೊಂದಾಗಿ ಓದಿ ನಡೆಸುವುದು) ಓಡಿಸುತ್ತದೆ, ಬೇರೆ ಥ್ರೆಡ್ ಹಿಂದುಗಡೆ ಕಂಪೈಲ್ ಮಾಡುತ್ತದೆ, ಮುಗಿದ ಮೇಲೆ ಹೊಸ ಕೋಡ್‌ಗೆ ದಾಟುತ್ತದೆ. ಮೊದಲು ಕರೆದವನು ಕಾಯಬೇಕಾಗಿಲ್ಲ. ಆದರೆ ಅದಕ್ಕೆ ಇಂಟರ್‌ಪ್ರಿಟರೂ ಬೇಕು, ಕಂಪೈಲರೂ ಬೇಕು, ಎರಡೂ ಒಂದೇ ಉತ್ತರ ಕೊಡಬೇಕು. ನಮ್ಮಂಥ ಮೂರು ಜನರ ಆಫೀಸಿಗೆ ಅದು ಹೊರಲಾಗದ ಹೊರೆ.

ನಮಗೂ ಲೇಜಿ ಪೂರ್ತಿ ಬಿಡಲು ಆಗಲಿಲ್ಲ. ತೋಟದವರು ಮಧ್ಯಾಹ್ನ ಕೂತು ಹೊಸ ಸೂತ್ರ ಬರೆಯುತ್ತಾರೆ, ಸರ್ವರ್ ನಿಲ್ಲಿಸದೆ ಅದನ್ನು ಸೇರಿಸಬೇಕು. ಅದಕ್ಕೆ ದಾರಿಯನ್ನೂ ಹುಡುಗನ ಬಸ್ಸಿನಲ್ಲೇ ಕಂಡುಕೊಂಡೆವು. ದಿನಾ ಓಡುವ ಬಸ್ಸಿಗೆ ಸೀಮೆಸುಣ್ಣ ಇರುವುದಿಲ್ಲ. ತಗಡಿನ ಬೋರ್ಡ್ ಇರುತ್ತದೆ, ಒಂದು ಬದಿಗೆ ಹೋಗುವ ಊರು, ಇನ್ನೊಂದು ಬದಿಗೆ ಬರುವ ಊರು, ಎರಡೂ ಮೊದಲೇ ಬರೆದದ್ದು. ಕಂಡಕ್ಟರ್ ತಿರುಗಿಸಿ ಹಾಕುತ್ತಾನೆ, ಮುಗಿಯಿತು. ಅರ್ಧಂಬರ್ಧ ಓದುವ ಮಾತೇ ಇಲ್ಲ. ನಾವೂ ಕೋಡನ್ನು ತಿದ್ದುವುದು ಬಿಟ್ಟೆವು. ಹೊಸ ಸೂತ್ರಗಳ ಕರೆ ಯಾವಾಗಲೂ ಸ್ಟಬ್‌ಗೇ ಹೋಗುತ್ತದೆ, ಸ್ಟಬ್ ಒಳಗೆ ಒಂದೇ ಆದೇಶ: ಈ ಪಾಯಿಂಟರ್‌ನಲ್ಲಿ ಯಾವ ವಿಳಾಸ ಇದೆಯೋ ಅಲ್ಲಿಗೆ ಹಾರು. ಪಾಯಿಂಟರ್ 8 ಬೈಟ್, 8ರ ಗಡಿಗೆ ಸರಿಯಾಗಿ ಕೂತಿದೆ, ಅದನ್ನು ಬರೆಯುವುದು ಒಂದೇ ಏಟಿಗೆ ಆಗುತ್ತದೆ. ಓದಿದವನಿಗೆ ಹಳೆಯ ವಿಳಾಸ ಸಿಗುತ್ತದೆ, ಇಲ್ಲವೇ ಹೊಸದು. ಹಳೆಯದು ಸಿಕ್ಕಿದರೆ ಕಂಪೈಲರ್ ಬಾಗಿಲಿಗೆ ಹೋಗಿ, ಅಗೋ ಆಗಲೇ ಸಿದ್ಧವಾಗಿದೆ ಅಂತ ಹೇಳಿಸಿಕೊಂಡು ಮುಂದೆ ಹೋಗುತ್ತಾನೆ. ಪ್ರತಿ ಕರೆಗೂ ಒಂದು ಹಾರಿಕೆ ಜಾಸ್ತಿ, ಅದನ್ನು ಕೊಡಲು ನಾನು ತಯಾರಿದ್ದೇನೆ. ಓಆರ್‌ಸಿಯ ಲೇಜಿ ಸ್ಟಬ್‌ಗಳೂ ಹೀಗೇ ಪಾಯಿಂಟರ್ ಮೂಲಕ ಹಾರುತ್ತವೆ. ಅಡಗಿ ಕೂತ ಲಾಕ್‌ಗೆ ಮಾತ್ರ ಇದು ಮದ್ದಲ್ಲ. ಅದಕ್ಕೆ ತೋಟಗಳ ಪಟ್ಟಿಯ ಲಾಕ್ ಬಿಟ್ಟ ಮೇಲೇ ಸೂತ್ರ ಕರೆಯಬೇಕು ಅಂತ ನಿಯಮ ಮಾಡಿ, ತಪ್ಪಿದರೆ ಅಲ್ಲೇ ನಿಲ್ಲುವ ಹಾಗೆ ಒಂದು ತಪಾಸಣೆ ಹಾಕಿದೆವು.

64 ಬಿಟ್‌ನ ಎಆರ್‌ಎಂ ಪ್ರೊಸೆಸರ್ ಮೇಲೆ ಓಡಿಸುವವರಿಗೆ ಒಂದು ಮಾತು. ಅಲ್ಲಿ ಪ್ರತಿ ಆದೇಶವೂ 4 ಬೈಟ್, ಗಡಿ ದಾಟುವ ಭಯ ಇಲ್ಲ. ಆದರೆ ಆದೇಶಗಳ ಕ್ಯಾಶ್ ಮತ್ತು ಡೇಟಾದ ಕ್ಯಾಶ್ ತಾವಾಗೇ ಹೊಂದಿಕೊಳ್ಳುತ್ತವೆ ಅಂತ ನಂಬುವ ಹಾಗಿಲ್ಲ. ಹೊಸ ಕೋಡ್ ಬರೆದ ಮೇಲೆ ಆದೇಶಗಳ ಕ್ಯಾಶ್ ತೊಳೆದು, ಆಮೇಲೆ ಪಾಯಿಂಟರನ್ನು ರಿಲೀಸ್ ಕ್ರಮದಲ್ಲಿ, ಅಂದರೆ ಹಿಂದಿನ ಬರಹಗಳೆಲ್ಲ ಮೊದಲು ಕಾಣುವ ಹಾಗೆ, ಬರೆಯಬೇಕು. ಇಂಟೆಲ್‌ನಲ್ಲಿ ಇದನ್ನು ಮರೆತರೂ ನಡೆದುಹೋಗುತ್ತದೆ, ಅಲ್ಲಿ ನಡೆಯುವುದಿಲ್ಲ.

ಕೊನೆಗೆ ಪರೀಕ್ಷೆ. ಇಂಥ ರೇಸ್‌ಗಳನ್ನು ಹುಡುಕುವ ಥ್ರೆಡ್‌ಸ್ಯಾನಿಟೈಜರ್ ಅನ್ನುವ ಸಲಕರಣೆಗೆ ಈ ರೇಸ್ ಕಾಣಲಿಲ್ಲ. ಅದು ನೋಡುವುದು ಪ್ರೋಗ್ರಾಂ ಮೆಮೊರಿ ಓದಿ ಬರೆಯುವುದನ್ನು, ಪ್ರೊಸೆಸರ್ ಆದೇಶ ಎತ್ತಿಕೊಳ್ಳುವುದು ಅದರ ಲೆಕ್ಕಕ್ಕೆ ಬರುವುದೇ ಇಲ್ಲ. ಹಾಗಾಗಿ ನಮ್ಮ ಮಳೆಗಾಲವನ್ನೇ ಪರೀಕ್ಷೆಯೊಳಗೆ ತಂದೆವು. ಕರೆಯನ್ನು ಬೇಕೆಂದೇ 64ರ ಗಡಿಗೆ 3 ಬೈಟ್ ಹಿಂದೆ ಕೂರಿಸುತ್ತೇವೆ. 32 ಥ್ರೆಡ್‌ಗಳನ್ನು ಒಂದು ಗೆರೆಯಲ್ಲಿ ನಿಲ್ಲಿಸಿ ಒಟ್ಟಿಗೆ ಬಿಡುತ್ತೇವೆ, ಎಲ್ಲರದ್ದೂ ಮೊದಲ ಕರೆ. ಆಮೇಲೆ ಕಂಪೈಲ್ ಆದದ್ದನ್ನೆಲ್ಲ ಎಸೆದು ಮತ್ತೆ ಅದೇ. ಹಳೆಯ ಕೋಡ್ ಹಾಕಿ ಓಡಿಸಿದರೆ ಕಾಫಿ ಕುಡಿದು ಬರುವಷ್ಟರಲ್ಲಿ ಬೀಳುತ್ತದೆ. ಹೊಸ ಕೋಡನ್ನು ಪ್ರತಿ ರಾತ್ರಿ ಬೆಳಗಿನ ತನಕ ಓಡಿಸುತ್ತೇವೆ. ಆ ಪರೀಕ್ಷೆಯ ಫೈಲಿಗೆ ಹುಡುಗ ಬಾಳೆಗೆರೆ ಅಂತ ಹೆಸರಿಟ್ಟಿದ್ದಾನೆ.